ದರೋಡೆಯ ಎದುರು ಕೋವಿ ಹಿಡಿದ ನಾಗರಿಕ

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ನಾರ್ತ್‌ಫೀಲ್ಡ್ ಎಂಬ ಪಟ್ಟಣವಿದೆ. ಪ್ರತಿ ವರ್ಷ ಸೆಪ್ಟೆಂಬರ್ ತಿಂಗಳಲ್ಲಿ ಅಲ್ಲಿ ಊರಹಬ್ಬ ನಡೆಯುತ್ತದೆ. ಜೆಸ್ಸಿ ಜೇಮ್ಸ್ ಎಂಬ ದರೋಡೆಕೋರ ತಮ್ಮೂರಲ್ಲಿ ಸೋತುಹೋದದ್ದನ್ನು ನೆನೆಯುವ ಹಬ್ಬ ಅದು. ಕುದುರೆ ಏರಿದವರು ಬೀದಿಗೆ ನುಗ್ಗುತ್ತಾರೆ, ಹುಸಿಗುಂಡುಗಳು ಸಿಡಿಯುತ್ತವೆ, ಬ್ಯಾಂಕಿನ ಮುಂದೆ ವೇಷಧಾರಿಗಳು ಉರುಳುತ್ತಾರೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಆಯುಧ ಹಿಡಿದ ಸಾಮಾನ್ಯ ಪ್ರಜೆ ದರೋಡೆಯನ್ನು ತಡೆಯಬಲ್ಲ ಎಂದು ನಂಬುವ ಅಮೆರಿಕನ್ನರಿಗೆ ನಾರ್ತ್‌ಫೀಲ್ಡ್ ಒಂದು ಪುಣ್ಯಕ್ಷೇತ್ರ ಎಂದರೂ ತಪ್ಪಿಲ್ಲ.

ಕಣ್ಣೆದುರು ದರೋಡೆ ನಡೆಯುತ್ತಿದೆ. ನೋಡುತ್ತಿರುವವನ ಕೈಯಲ್ಲಿ ಕೋವಿಯಿದೆ. ಪೊಲೀಸರು ಇನ್ನೂ ಬಂದಿಲ್ಲ. ಅವನೇನು ಮಾಡಬೇಕು? ಈ ದತ್ತಿ ಉಪನ್ಯಾಸ ಎತ್ತಿಕೊಂಡಿರುವ ಪ್ರಶ್ನೆ ಇಷ್ಟೇ. ಇದಕ್ಕೆ ಉತ್ತರ ಹುಡುಕುವವರು ಮೊದಲು ನಾರ್ತ್‌ಫೀಲ್ಡಿನ ಆ ದಿನವನ್ನು ಹಬ್ಬದ ಅಬ್ಬರದಿಂದ ಬಿಡಿಸಿ ನೋಡಬೇಕು.

1876ರ ಸೆಪ್ಟೆಂಬರ್ 7, ಮಧ್ಯಾಹ್ನ ಸುಮಾರು ಎರಡು ಗಂಟೆ. ಎಂಟು ಮಂದಿ ಸವಾರರು ಊರೊಳಗೆ ಬಂದರು. ಅವರಲ್ಲಿ ಜೆಸ್ಸಿ ಮತ್ತು ಫ್ರಾಂಕ್ ಜೇಮ್ಸ್ ಸೋದರರಿದ್ದರು. ಕೋಲ್, ಜಿಮ್, ಬಾಬ್ ಎಂಬ ಯಂಗರ್ ಮನೆತನದ ಮೂವರಿದ್ದರು. ಈ ಗುಂಪಿನ ಹಿರಿಯರು ಅಂತರ್ಯುದ್ಧದಲ್ಲಿ ದಕ್ಷಿಣದ ಪರವಾಗಿ ಗೆರಿಲ್ಲಾ ಕಾಳಗ ಮಾಡಿ, ಯುದ್ಧ ಮುಗಿದ ಮೇಲೆ ಬ್ಯಾಂಕು ಮತ್ತು ರೈಲುಗಳ ಲೂಟಿಯನ್ನೇ ಕಸುಬು ಮಾಡಿಕೊಂಡವರು. ಮೂವರು ಫಸ್ಟ್ ನ್ಯಾಷನಲ್ ಬ್ಯಾಂಕಿನ ಒಳಗೆ ಹೋದರು, ಮಿಕ್ಕವರು ಹೊರಗೆ ಕಾವಲು ನಿಂತರು. ಬ್ಯಾಂಕಿನ ಕ್ಯಾಷಿಯರ್ ಅಂದು ಊರಲ್ಲಿರಲಿಲ್ಲ. ಅವರ ಜವಾಬ್ದಾರಿ ನೋಡಿಕೊಳ್ಳುತ್ತಿದ್ದವರು ಜೋಸೆಫ್ ಲೀ ಹೇವುಡ್. ತಿಜೋರಿ ತೆಗೆ ಎಂದರೆ ಹೇವುಡ್ ಒಪ್ಪಲಿಲ್ಲ. ಅದಕ್ಕೆ ಟೈಮ್ ಲಾಕ್ ಹಾಕಿದೆ, ಹೊತ್ತಾಗದೆ ತೆರೆಯದು ಎಂದುಬಿಟ್ಟರು. ನಿಗದಿತ ಗಳಿಗೆಯವರೆಗೆ ಯಾರಿಗೂ ತೆರೆಯದ ಆ ಬೀಗವನ್ನು ಜೇಮ್ಸ್ ಸಾರ್ಜೆಂಟ್ ರೂಪಿಸಿ ಆಗಿನ್ನೂ ಕೆಲವೇ ವರ್ಷಗಳಾಗಿದ್ದವು. ದರೋಡೆಕೋರರು ಹೇವುಡ್ ಅವರ ತಲೆಗೆ ಬಡಿದರು, ಕುತ್ತಿಗೆಗೆ ಚಾಕು ಆಡಿಸಿದರು. ಅವರು ಬಗ್ಗಲಿಲ್ಲ.

ಅಷ್ಟರಲ್ಲಿ ಹೊರಗೆ ಕಬ್ಬಿಣದ ಸಾಮಾನಿನ ಅಂಗಡಿಯ ಅಲೆನ್ ಎಂಬ ವ್ಯಾಪಾರಿಗೆ ಅನುಮಾನ ಬಂತು. ಬ್ಯಾಂಕಿನೊಳಗೆ ಇಣುಕಲು ಹೋದಾಗ ಕಾವಲಿನವನು ಅವರ ಕೊರಳಪಟ್ಟಿ ಹಿಡಿದ. ಕೊಸರಿಕೊಂಡು ಓಡಿದ ಅಲೆನ್, ಬ್ಯಾಂಕು ದೋಚುತ್ತಿದ್ದಾರೆ, ಕೋವಿ ತನ್ನಿ ಎಂದು ಬೀದಿಯುದ್ದಕ್ಕೂ ಕೂಗಿದರು. ತಮ್ಮ ಅಂಗಡಿಯಲ್ಲಿ ಮಾರಾಟಕ್ಕಿಟ್ಟಿದ್ದ ಕೋವಿಗಳನ್ನೇ ತೆಗೆದು ಹಂಚಿದರು. ರಜೆಗೆ ಊರಿಗೆ ಬಂದಿದ್ದ ಹೆನ್ರಿ ವೀಲರ್ ಎಂಬ ವೈದ್ಯಕೀಯ ವಿದ್ಯಾರ್ಥಿ ಎದುರಿನ ಹೋಟೆಲಿಗೆ ಓಡಿ, ಅಲ್ಲಿದ್ದ ಹಳೆಯ ಸೇನಾ ಬಂದೂಕೊಂದನ್ನು ಹಿಡಿದು ಮಹಡಿಯ ಕಿಟಕಿಯಲ್ಲಿ ಕೂತ. ಮ್ಯಾನಿಂಗ್ ಎಂಬ ಇನ್ನೊಬ್ಬ ವ್ಯಾಪಾರಿ ಕಟ್ಟಡದ ಮೂಲೆಯ ಮರೆಯಲ್ಲಿ ನಿಂತು, ಆತುರಪಡದೆ ಗುರಿಯಿಟ್ಟರು. ಕೋವಿ ಸಿಗದವರು ಕಲ್ಲು ತೂರಿದರು. ಏಳೇ ನಿಮಿಷ. ಇಬ್ಬರು ದರೋಡೆಕೋರರು ಬೀದಿಯಲ್ಲಿ ಸತ್ತುಬಿದ್ದರು, ಉಳಿದವರಲ್ಲಿ ಹೆಚ್ಚಿನವರು ಗಾಯಗೊಂಡು ಓಡಿಹೋದರು. ಅವರಿಗೆ ದಕ್ಕಿದ್ದು 26 ಡಾಲರು 70 ಸೆಂಟು ಎನ್ನುತ್ತಾರೆ.

ಹಬ್ಬದಲ್ಲಿ ಮೆರೆಯುವ ಕಥೆ ಇದು. ಅದರ ಇನ್ನೊಂದು ಭಾಗವನ್ನೂ ಹೇಳಲೇಬೇಕು. ಹೊರಗಿನ ಗುಂಡಿನ ಸುರಿಮಳೆ ಹೇವುಡ್ ಅವರನ್ನು ಉಳಿಸಲಿಲ್ಲ. ಬ್ಯಾಂಕು ಬಿಟ್ಟು ಓಡುವಾಗ ಕೊನೆಯ ದರೋಡೆಕೋರ ತಿರುಗಿ ಅವರ ತಲೆಗೆ ಗುಂಡು ಹೊಡೆದ. ಸ್ವೀಡನ್ನಿಂದ ವಲಸೆ ಬಂದಿದ್ದ ನಿಕೊಲಸ್ ಗುಸ್ತಾಫ್ಸನ್ ಎಂಬ ಬಡಪಾಯಿ ಅದೇ ಬೀದಿಯಲ್ಲಿ ಗುಂಡು ತಗುಲಿ ಕೆಲವು ದಿನಗಳಲ್ಲಿ ತೀರಿಕೊಂಡ. ದರೋಡೆಕೋರರು ಬೀದಿ ಖಾಲಿ ಮಾಡಿ ಎಂದು ಅಬ್ಬರಿಸಿದ್ದು ಅವನಿಗೆ ಅರ್ಥವೇ ಆಗಲಿಲ್ಲವೆಂದು ಊರವರು ಹೇಳುತ್ತ ಬಂದಿದ್ದಾರೆ.

ಓಡಿಹೋದವರು ಸಿಕ್ಕಿದ್ದು ಹೇಗೆ ಎಂಬುದು ಇನ್ನೂ ಮುಖ್ಯ. ಸಾವಿರಕ್ಕೂ ಹೆಚ್ಚು ಮಂದಿ ಆಯುಧ ಹಿಡಿದು ಎರಡು ವಾರ ಕಾಡುಮೇಡು ಅಲೆದರೂ ಯಂಗರ್ ಸೋದರರು ಕೈಗೆ ಸಿಗಲಿಲ್ಲ. ಕೊನೆಗೆ ಅವರನ್ನು ಹಿಡಿಸಿಕೊಟ್ಟವನು ಆಸ್ಲೆ ಆಸ್ಕರ್ ಸೋರ್ಬೆಲ್ ಎಂಬ 17 ವರ್ಷದ ರೈತರ ಹುಡುಗ. ಮನೆಯ ಹತ್ತಿರ ಹಾದುಹೋದ ಅಪರಿಚಿತರನ್ನು ನೋಡಿ ಸಂಶಯಪಟ್ಟು, ಕುದುರೆ ಏರಿ ಮಡೇಲಿಯಾ ಪಟ್ಟಣಕ್ಕೆ ಹೋಗಿ ಸುದ್ದಿ ಮುಟ್ಟಿಸಿದ. ಷರೀಫ್ ಮತ್ತು ಊರಿನ ಸ್ವಯಂಸೇವಕರು ಹೋಗಿ ಜೌಗುನೆಲದಲ್ಲಿ ಅವರನ್ನು ಸುತ್ತುವರಿದರು. ಒಬ್ಬ ಸತ್ತ, ಮೂವರು ಯಂಗರ್ ಸೋದರರು ಸೆರೆಯಾಗಿ ಜೀವಾವಧಿ ಶಿಕ್ಷೆಗೆ ಗುರಿಯಾದರು. ಜೇಮ್ಸ್ ಸೋದರರು ತಪ್ಪಿಸಿಕೊಂಡರು. ಒಟ್ಟು ಪ್ರಕರಣದಲ್ಲಿ ದರೋಡೆಕೋರರನ್ನು ನಿಜವಾಗಿ ಸೋಲಿಸಿದವರು ಮೂವರು: ತಿಜೋರಿ ತೆರೆಯದ ಗುಮಾಸ್ತ, ಕೂಗಿ ಎಚ್ಚರಿಸಿದ ವ್ಯಾಪಾರಿ, ಗುರುತು ಹಿಡಿದು ಸುದ್ದಿ ಕೊಟ್ಟ ಹುಡುಗ. ಮೂವರೂ ಯಾರಿಗೂ ಗುರಿಯಿಟ್ಟವರಲ್ಲ. ವೀಲರ್ ಮತ್ತು ಮ್ಯಾನಿಂಗ್ ಅವರ ಧೈರ್ಯ ಸಣ್ಣದೆಂದು ಇದರ ಅರ್ಥವಲ್ಲ. ಕೋವಿ ಕೆಲಸ ಮಾಡುವುದಕ್ಕೆ ಎಷ್ಟೆಲ್ಲ ಕೂಡಿಬರಬೇಕೆಂಬುದು ಇಲ್ಲಿ ಕಾಣುತ್ತದೆ.

ಹದಿನಾರು ವರ್ಷಗಳ ಬಳಿಕ, 1892ರ ಅಕ್ಟೋಬರ್ 5ರಂದು, ಕಾನ್ಸಸ್ ರಾಜ್ಯದ ಕಾಫಿವಿಲ್‌ನಲ್ಲಿ ಇದೇ ಬಗೆಯ ಕಾಳಗ ಇನ್ನಷ್ಟು ಭೀಕರವಾಗಿ ನಡೆಯಿತು. ಡಾಲ್ಟನ್ ಸೋದರರ ಐವರ ತಂಡ ಒಂದೇ ಹೊತ್ತಿಗೆ ಎರಡು ಬ್ಯಾಂಕು ದೋಚಲು ಹೊರಟಿತು. ಆ ಸೀಮೆಯಲ್ಲೇ ಬೆಳೆದವರಾದ್ದರಿಂದ ಗಡ್ಡ ಅಂಟಿಸಿಕೊಂಡು ಬಂದರೂ ಜನ ಗುರುತು ಹಿಡಿದರು. ಒಂದು ಬ್ಯಾಂಕಿನಲ್ಲಿ ಕ್ಯಾಷಿಯರ್ ಮತ್ತೆ ಟೈಮ್ ಲಾಕಿನ ಸುಳ್ಳು ಹೇಳಿ ದರೋಡೆಕೋರರನ್ನು ಕಾಯುವಂತೆ ಮಾಡಿದರು. ಆ ಕೆಲವು ನಿಮಿಷಗಳಲ್ಲಿ ಅಂಗಡಿಗಳಿಂದ ಕೋವಿಗಳು ಬೀದಿಗೆ ಬಂದವು. ನಾಲ್ವರು ದರೋಡೆಕೋರರು ಸತ್ತರು. ಮೈತುಂಬ ಗುಂಡು ತಿಂದ ಎಮೆಟ್ ಡಾಲ್ಟನ್ ಒಬ್ಬನೇ ಬದುಕಿದ. ಊರವರಲ್ಲಿ ಸತ್ತವರೂ ನಾಲ್ವರೇ. ಅವರಲ್ಲಿ ಲೂಸಿಯಸ್ ಬಾಲ್ಡ್‌ವಿನ್ ಎಂಬ ಅಂಗಡಿ ಗುಮಾಸ್ತನ ಸಾವು ಈ ಉಪನ್ಯಾಸದ ಪ್ರಶ್ನೆಗೆ ನೇರವಾಗಿ ತಾಗುತ್ತದೆ. ಕೈಯಲ್ಲಿ ರಿವಾಲ್ವರ್ ಹಿಡಿದು ಓಡಿಬಂದ ಆ ತರುಣ, ಎದುರು ಬಂದ ಕೋವಿಧಾರಿಗಳು ತನ್ನಂತೆಯೇ ಊರು ಕಾಯಲು ಬಂದವರೆಂದು ತಿಳಿದು ಅವರ ಕಡೆಗೇ ನಡೆದ. ಅವರು ದರೋಡೆಕೋರರಾಗಿದ್ದರು. ಒಬ್ಬರನ್ನೊಬ್ಬರು ಬಲ್ಲ ಸಣ್ಣ ಊರಿನಲ್ಲೇ, ಹಗಲು ಬೆಳಕಿನಲ್ಲೇ, ಯಾರು ಯಾರ ಕಡೆಯವರೆಂಬುದು ತಿಳಿಯಲಿಲ್ಲ.

ಇಂದಿನ ಅಮೆರಿಕದಲ್ಲಿ ಕೋವಿ ಅಂಗಡಿಯಿಂದ ಬರಬೇಕಾಗಿಲ್ಲ, ಸೊಂಟದಲ್ಲೇ ಇರುತ್ತದೆ. ಅರ್ಧಕ್ಕೂ ಹೆಚ್ಚು ರಾಜ್ಯಗಳಲ್ಲಿ ಪಿಸ್ತೂಲು ಒಯ್ಯುವುದಕ್ಕೆ ಪರವಾನಗಿಯೂ ಬೇಡ. ಆತ್ಮರಕ್ಷಣೆಗಾಗಿ ಮನೆಯಲ್ಲಿ ಆಯುಧವಿಡುವುದು ಪ್ರಜೆಯ ಹಕ್ಕೆಂದು 2008ರಲ್ಲಿ ಹೇಳಿದ ಅಲ್ಲಿನ ಸುಪ್ರೀಂ ಕೋರ್ಟ್, 2022ರಲ್ಲಿ ಆ ಹಕ್ಕು ಮನೆಯಾಚೆಗೂ ಉಂಟೆಂದು ತೀರ್ಪಿತ್ತಿತು. ಹಾಗಾಗಿ ಉಪಾಹಾರ ಗೃಹದಲ್ಲಿ ಊಟಕ್ಕೆ ಕೂತ ಯಾರ ಬಳಿಯಾದರೂ ಗುಂಡು ತುಂಬಿದ ಪಿಸ್ತೂಲು ಇರಬಹುದು.

ಟೆಕ್ಸಸ್ಸಿನ ಹ್ಯೂಸ್ಟನ್‌ನಲ್ಲಿ ಹಾಗೇ ಆಯಿತು. 2023ರ ಜನವರಿ 5ರ ರಾತ್ರಿ ಒಂದು ಸಣ್ಣ ಮೆಕ್ಸಿಕನ್ ಹೋಟೆಲಿಗೆ ಮುಸುಕು ಹಾಕಿದವನೊಬ್ಬ ನುಗ್ಗಿ, ಗಿರಾಕಿಗಳತ್ತ ಪಿಸ್ತೂಲು ತೋರಿಸಿ ಹಣ ಕಿತ್ತುಕೊಂಡ. ಕಿಟಕಿಯ ಪಕ್ಕದ ಮೇಜಿನ ಒಬ್ಬ ಗಿರಾಕಿ ಮೈ ಮರೆಮಾಡಿಕೊಂಡು ಕಾದ. ದೋಚಿದವನು ಬೆನ್ನು ತಿರುಗಿಸಿ ಬಾಗಿಲ ಕಡೆ ನಡೆಯುವಾಗ ಗುಂಡು ಹಾರಿಸಿದ. ಅವನು ಬಿದ್ದ ಮೇಲೂ ಹಾರಿಸಿದ. ಹತ್ತಿರ ಹೋಗಿ ಇನ್ನೊಂದು ಹಾರಿಸಿದ. ಒಟ್ಟು ಒಂಬತ್ತು ಗುಂಡು. ಬಳಿಕ ಹಣ ಎತ್ತಿ ಕಳೆದುಕೊಂಡವರಿಗೆ ಹಿಂತಿರುಗಿಸಿ, ಪೊಲೀಸರು ಬರುವ ಮೊದಲೇ ಹೊರಟುಹೋದ. ಸತ್ತವನ ಕೈಯಲ್ಲಿದ್ದದ್ದು ಆಟಿಕೆ ಪಿಸ್ತೂಲು ಎಂದು ಆಮೇಲೆ ತಿಳಿಯಿತು. ಆರು ತಿಂಗಳು ಕಳೆಯುವ ಮೊದಲೇ ಹ್ಯಾರಿಸ್ ಕೌಂಟಿಯ ಗ್ರ್ಯಾಂಡ್ ಜ್ಯೂರಿ ಆ ಗಿರಾಕಿಯ ಮೇಲೆ ಯಾವ ಆರೋಪವೂ ಬೇಡವೆಂದಿತು.

ಮೊದಲ ಗುಂಡಿನ ಬಗ್ಗೆ ಆ ಗಿರಾಕಿಯನ್ನು ದೂರುವುದು ಕಷ್ಟ. ಆಟಿಕೆಯೋ ಅಸಲಿಯೋ ಎಂದು ಕೂತಲ್ಲಿಂದ ಯಾರೂ ಹೇಳಲಾರರು. ಪಿಸ್ತೂಲು ತೋರಿಸಿದವನು ತಾನೇ ಆ ಭಯ ಹುಟ್ಟಿಸಿದವನು. ಕೊನೆಯ ಗುಂಡಿನ ಮಾತು ಬೇರೆ. ಬಿದ್ದವನಿಂದ ಹಣ ಬಿಡಿಸಿಕೊಳ್ಳುವುದಕ್ಕೆ ಅದರ ಅಗತ್ಯವಿರಲಿಲ್ಲ, ಅಲ್ಲಿದ್ದವರ ಜೀವ ಉಳಿಸುವುದಕ್ಕೂ ಇರಲಿಲ್ಲ.

ಅಂಥದೇ ಕೊನೆಯ ಗುಂಡುಗಳಿಗೆ ಒಕ್ಲಹೋಮಾದಲ್ಲಿ ಬೇರೆಯೇ ತೀರ್ಪು ಬಂತು. 2009ರ ಮೇ ತಿಂಗಳಲ್ಲಿ ಒಕ್ಲಹೋಮಾ ಸಿಟಿಯ ಔಷಧ ಅಂಗಡಿಗೆ ಇಬ್ಬರು ಹುಡುಗರು ದರೋಡೆಗೆ ನುಗ್ಗಿದರು. ಒಬ್ಬನ ಕೈಯಲ್ಲಿ ಪಿಸ್ತೂಲಿತ್ತು. ಅಂಗಡಿಯವರು ಗುಂಡು ಹಾರಿಸಿದಾಗ 16 ವರ್ಷದ ಇನ್ನೊಬ್ಬ ಹುಡುಗ ತಲೆಗೆ ಪೆಟ್ಟಾಗಿ ಬಿದ್ದ, ಪಿಸ್ತೂಲಿನವನು ಓಡಿದ. ಅವನನ್ನು ಬೀದಿಯವರೆಗೆ ಅಟ್ಟಿಸಿಕೊಂಡು ಹೋಗಿ ಮರಳಿದ ಅಂಗಡಿಯವರು, ಬಿದ್ದಿದ್ದ ಹುಡುಗನನ್ನು ದಾಟಿ ಹೋಗಿ ಎರಡನೆಯ ಪಿಸ್ತೂಲು ತಂದು, ಅವನ ಮೇಲೆ ಮತ್ತೆ ಐದು ಗುಂಡು ಹಾರಿಸಿದರು. ಎಲ್ಲವೂ ಅಂಗಡಿಯ ಕ್ಯಾಮೆರಾದಲ್ಲಿ ದಾಖಲಾಗಿತ್ತು. 2011ರಲ್ಲಿ ಜ್ಯೂರಿ ಅದನ್ನು ಕೊಲೆ ಎಂದು ತೀರ್ಮಾನಿಸಿತು, ಅವರಿಗೆ ಜೀವಾವಧಿ ಶಿಕ್ಷೆಯಾಯಿತು. ಮೊದಲ ಗುಂಡನ್ನು ಕಾನೂನು ತಪ್ಪೆನ್ನಲಿಲ್ಲ. ಅಪಾಯ ಮುಗಿದ ಗಳಿಗೆಯನ್ನು ಅಂಗಡಿಯವರು ದಾಟಿಹೋಗಿದ್ದರು.

ಹ್ಯೂಸ್ಟನ್ನಿನ ಗಿರಾಕಿ ಮನೆಗೆ, ಒಕ್ಲಹೋಮಾದ ಅಂಗಡಿಯವರು ಸೆರೆಮನೆಗೆ. ಎರಡರ ವ್ಯತ್ಯಾಸಕ್ಕೆ ಕಾರಣಗಳಲ್ಲಿ ಟೆಕ್ಸಸ್ಸಿನ ಕಾನೂನೂ ಒಂದು. ಆಸ್ತಿ ಉಳಿಸಿಕೊಳ್ಳಲು, ದರೋಡೆ ಮಾಡಿ ಸ್ವತ್ತಿನೊಂದಿಗೆ ಓಡುವವನನ್ನು ತಡೆಯಲು, ಕೆಲವು ಷರತ್ತುಗಳಿಗೆ ಒಳಪಟ್ಟು ಪ್ರಾಣಹರಣದ ಬಲ ಬಳಸಬಹುದೆಂದು ಅಲ್ಲಿನ ದಂಡಸಂಹಿತೆ ಹೇಳುತ್ತದೆ. ಬೇರೆಯವರ ಆಸ್ತಿಗೂ ಅದು ಅನ್ವಯಿಸುತ್ತದೆ. 2007ರ ನವೆಂಬರಿನಲ್ಲಿ ಅದೇ ಹ್ಯಾರಿಸ್ ಕೌಂಟಿಯ ಪ್ಯಾಸಡೀನಾದಲ್ಲಿ ಒಬ್ಬರು, ಪಕ್ಕದ ಮನೆಗೆ ಕನ್ನ ಹಾಕಿದ್ದ ಇಬ್ಬರನ್ನು ಗುಂಡಿಕ್ಕಿ ಕೊಂದರು. ಆಗ ಅವರು ಪೊಲೀಸ್ ಸಹಾಯವಾಣಿಯ ಜತೆ ಫೋನಿನಲ್ಲಿದ್ದರು. ಹೊರಗೆ ಹೋಗಬೇಡಿ, ಆಸ್ತಿಗಾಗಿ ಜೀವ ತೆಗೆಯಬೇಕಿಲ್ಲ ಎಂದು ಆ ಕಡೆಯ ಸಿಬ್ಬಂದಿ ಮತ್ತೆ ಮತ್ತೆ ಬೇಡಿಕೊಂಡದ್ದು ಧ್ವನಿಮುದ್ರಿಕೆಯಲ್ಲಿದೆ. 2008ರಲ್ಲಿ ಗ್ರ್ಯಾಂಡ್ ಜ್ಯೂರಿ ಅವರನ್ನೂ ಬಿಟ್ಟಿತು. ಕದ್ದ ಮಾಲಿಗೂ ಮನುಷ್ಯನ ಪ್ರಾಣಕ್ಕೂ ಒಂದೇ ತಕ್ಕಡಿ ಹಿಡಿಯುವ ಈ ಕಾನೂನು ಅನ್ಯಾಯದ್ದು. ಅದನ್ನು ಸ್ವಾತಂತ್ರ್ಯದ ಹೆಸರಿನಲ್ಲಿ ಸಮರ್ಥಿಸುವವರಿಗೂ ಸಹಾಯವಾಣಿಯ ಆ ಸಿಬ್ಬಂದಿಯ ಬೇಡಿಕೆಗೆ ಕೊಡಲು ಉತ್ತರವಿಲ್ಲ.

ನಡುವೆ ಬಂದವನು ಕಥೆಯ ಒಂದೇ ಪುಟ ಓದಿರುತ್ತಾನೆ. 2014ರಲ್ಲಿ ಲಾಸ್ ವೇಗಸ್‌ನಲ್ಲಿ ಇಬ್ಬರು ಪೊಲೀಸರನ್ನು ಕೊಂದು ಬಂದವನೊಬ್ಬ ವಾಲ್‌ಮಾರ್ಟ್ ಅಂಗಡಿಯಲ್ಲಿ ಗುಂಡು ಹಾರಿಸಿದಾಗ, ಪಿಸ್ತೂಲು ಹೊಂದಿದ್ದ ಗಿರಾಕಿಯೊಬ್ಬ ಅವನನ್ನು ಎದುರಿಸಲು ಮುಂದಾದ. ಕೊಲೆಗಾರನ ಹೆಂಡತಿ ಅಲ್ಲೇ ಹಿಂದೆ ಇದ್ದಳು, ಅವಳ ಕೈಯಲ್ಲೂ ಪಿಸ್ತೂಲಿತ್ತು. ಗಿರಾಕಿ ಅವಳನ್ನು ಗಮನಿಸಿರಲಿಲ್ಲ; ಅವಳ ಗುಂಡಿಗೆ ಬಲಿಯಾದ. 2021ರಲ್ಲಿ ಕೊಲೊರಾಡೊದ ಅರ್ವಾಡಾದಲ್ಲಿ ಪೊಲೀಸನನ್ನು ಕೊಂದವನನ್ನು ನಾಗರಿಕನೊಬ್ಬ ಗುಂಡಿಟ್ಟು ತಡೆದ. ಕೊಲೆಗಾರನ ಬಂದೂಕನ್ನು ಕೈಗೆತ್ತಿಕೊಂಡು ನಿಂತಿದ್ದಾಗ ಆಗಷ್ಟೇ ಬಂದ ಪೊಲೀಸ್ ಅಧಿಕಾರಿ ಅವನೇ ಕೊಲೆಗಾರನೆಂದು ತಿಳಿದು ಗುಂಡು ಹಾರಿಸಿದರು. ಊರನ್ನು ಉಳಿಸಿದವನು ಪೊಲೀಸರ ಗುಂಡಿನಿಂದಲೇ ಸತ್ತ. ಇವೆರಡೂ ದರೋಡೆಗಳಲ್ಲ. ಆದರೆ ದರೋಡೆಯಲ್ಲೂ ಇರುವುದು ಇವೇ ಎರಡು ಕುರುಡುಗಳು: ಕಾಣದ ಜೊತೆಗಾರ, ತಡವಾಗಿ ಬರುವ ಪೊಲೀಸ್.

ಅಂಕಿಅಂಶ ಹೆಚ್ಚು ಬೇಕಿಲ್ಲ. 2000ರಿಂದ 2013ರವರೆಗೆ ಜನರ ಮೇಲೆ ಮನಬಂದಂತೆ ಗುಂಡು ಹಾರಿಸಿದ 160 ಪ್ರಕರಣಗಳನ್ನು ಎಫ್‌ಬಿಐ ಪರಿಶೀಲಿಸಿತು. ಪೊಲೀಸರಲ್ಲದ ಕೋವಿಧಾರಿಗಳ ಪ್ರತಿದಾಳಿಯಿಂದ ಮುಗಿದವು ಐದು. ಅವುಗಳಲ್ಲಿ ನಾಲ್ಕರಲ್ಲಿ ಗುಂಡು ಹಾರಿಸಿದವರು ಕಾವಲುಗಾರರು. ಆಯುಧವಿಲ್ಲದವರೇ ಹಿಡಿದು ಕೆಡವಿದ ಪ್ರಕರಣಗಳು 21.

ಇನ್ನೂ ದೊಡ್ಡ ಅಪಾಯವೆಂದರೆ ದರೋಡೆಯೇ ಇಲ್ಲದ ಕಡೆ ದರೋಡೆ ಕಾಣುವ ಕಣ್ಣು. 2020ರ ಫೆಬ್ರವರಿಯಲ್ಲಿ ಜಾರ್ಜಿಯಾ ರಾಜ್ಯದ ಬ್ರನ್ಸ್‌ವಿಕ್ ಬಳಿ ಅಹ್ಮದ್ ಆರ್ಬೆರಿ ಎಂಬ 25 ವರ್ಷದ ಕಪ್ಪು ತರುಣ ಓಡುತ್ತ ಹೋಗುತ್ತಿದ್ದಾಗ, ಅವನು ಕಳ್ಳನೆಂದು ಶಂಕಿಸಿ ಮೂವರು ಬಿಳಿಯರು ವಾಹನಗಳಲ್ಲಿ ಬೆನ್ನಟ್ಟಿದರು. ಅವರಲ್ಲೊಬ್ಬ ಅವನನ್ನು ಗುಂಡಿಟ್ಟು ಕೊಂದ. ನಾಗರಿಕರಿಗೂ ಬಂಧಿಸುವ ಅಧಿಕಾರವಿದೆ ಎಂದು ಅವರು ತೋರಿಸಿದ ಕಾನೂನು 1863ರದು, ಗುಲಾಮಗಿರಿ ಇದ್ದ ಕಾಲದ್ದು. ಜಾರ್ಜಿಯಾ 2021ರಲ್ಲಿ ಅದನ್ನು ರದ್ದುಪಡಿಸಿತು; ಅದೇ ವರ್ಷ ಮೂವರೂ ಕೊಲೆ ಅಪರಾಧಿಗಳೆಂದು ತೀರ್ಮಾನವಾಯಿತು.

ಭಾರತದ ಕಾನೂನು ಈ ವಿಷಯದಲ್ಲಿ ಟೆಕ್ಸಸ್ಸಿಗಿಂತ ಹೆಚ್ಚು ವಿವೇಕದ್ದು ಎಂದು ಧೈರ್ಯವಾಗಿ ಹೇಳಬಹುದು. ಅದರ ಮೂಲ ಕರಡನ್ನು 1837ರಲ್ಲಿ ಮೆಕಾಲೆಯ ನೇತೃತ್ವದ ಆಯೋಗ ಬರೆಯಿತು. ಈ ದೇಶದ ಜನರಲ್ಲಿ ತಮ್ಮನ್ನು ತಾವು ಕಾಪಾಡಿಕೊಳ್ಳುವ ಕೆಚ್ಚು ಬೆಳೆಯಲಿ ಎಂಬುದೇ ಅಲ್ಲಿನ ಆಶಯವಾಗಿತ್ತು. 1878ರಲ್ಲಿ ಬ್ರಿಟಿಷ್ ಸರ್ಕಾರ ಆಯುಧ ಕಾಯ್ದೆ ತಂದು ಅದೇ ಜನರ ಕೈಯಿಂದ ಕೋವಿ ಕಿತ್ತುಕೊಂಡಿತು. ರಕ್ಷಣೆಯ ಹಕ್ಕು ಮಾತ್ರ ಉಳಿದು, ಇಂದಿನ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳಲ್ಲಿದೆ. ತನ್ನದಷ್ಟೇ ಅಲ್ಲ, ಬೇರೆಯವರ ದೇಹವನ್ನೂ ಸ್ವತ್ತನ್ನೂ ಕಾಪಾಡುವ ಹಕ್ಕು ಪ್ರತಿಯೊಬ್ಬನಿಗೂ ಇದೆ ಎನ್ನುತ್ತದೆ 35ನೇ ಕಲಮು. ದರೋಡೆಯ ಸಂದರ್ಭದಲ್ಲಿ ಆ ಹಕ್ಕು ಪ್ರಾಣ ತೆಗೆಯುವವರೆಗೂ ಚಾಚಬಹುದು ಎನ್ನುತ್ತದೆ 41ನೇ ಕಲಮು. ಇಷ್ಟನ್ನೇ ಓದಿದವರಿಗೆ ಇದೂ ಟೆಕ್ಸಸ್ಸಿನಂತೆಯೇ ಕಾಣಬಹುದು. ಕಡಿವಾಣ ಮಿಕ್ಕ ಕಲಮುಗಳಲ್ಲಿದೆ. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಆ ಹಕ್ಕು ಇಲ್ಲ. ರಕ್ಷಣೆಗೆ ಅಗತ್ಯವಿರುವುದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. 43ನೇ ಕಲಮಿನ ಪ್ರಕಾರ ದರೋಡೆಯ ವಿರುದ್ಧದ ಹಕ್ಕು, ದರೋಡೆಕೋರ ಸಾವು, ಗಾಯ ಅಥವಾ ಅಕ್ರಮ ತಡೆಯನ್ನು ಉಂಟುಮಾಡುತ್ತಿರುವವರೆಗೆ ಇಲ್ಲವೇ ತಕ್ಷಣದ ಭಯ ಇರುವವರೆಗೆ ಮಾತ್ರ. ಭಯ ಮುಗಿದಲ್ಲಿಗೆ ಹಕ್ಕೂ ಮುಗಿಯಿತು. ಒಕ್ಲಹೋಮಾದ ಅಂಗಡಿಯವರ ಮೊದಲ ಗುಂಡು ಈ ಗೆರೆಯ ಈಚೆಗಿದೆ, ಕೊನೆಯ ಐದು ಆಚೆಗಿವೆ.

2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಹಕ್ಕಿನ ಎರಡೂ ಮುಖಗಳನ್ನು ಬಿಡಿಸಿ ತೋರಿಸಿತು. ಎದುರಿಗೆ ಅಪಾಯ ಬಂದಾಗ ಪ್ರಜೆ ಹೇಡಿಯಂತೆ ಓಡಬೇಕಿಲ್ಲ, ಆ ಗಳಿಗೆಯ ಗಾಬರಿಯಲ್ಲಿ ಬಲವನ್ನು ಕೂದಲೆಳೆಯಷ್ಟು ಕರಾರುವಾಕ್ಕಾಗಿ ಅಳೆಯಬೇಕೆಂದೂ ಇಲ್ಲ. ಆದರೆ ಸೇಡಿಗೆ ಈ ಹಕ್ಕು ಒದಗದು.

ಕರ್ನಾಟಕದಲ್ಲಿ ಈ ಮಾತು ದೂರದ ದೇಶದ ಚರ್ಚೆಯಾಗಿ ಉಳಿದಿಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿದೆ, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿದಿದೆ. ಕೈಲ್ ಪೊಳ್ದ್ ಹಬ್ಬದಲ್ಲಿ ಹೂವಿಟ್ಟು ಪೂಜೆಗೊಳ್ಳುವ ಕೋವಿ ಅಲ್ಲಿ ಮನೆತನದ ಮರ್ಯಾದೆಯ ವಸ್ತು. ಮಲೆನಾಡು, ಕರಾವಳಿಯ ಅಡಿಕೆ ತೋಟಗಳಲ್ಲಿ ಬೆಳೆ ಕಾಯುವ ಜೋಡಿನಳಿಗೆ ಕೋವಿಗಳಿವೆ. ಚುನಾವಣೆ ಬಂದರೆ ಅವು ಠಾಣೆಗೆ ಹೋಗಿ ಕೂರುತ್ತವೆ. ಕಾಡುಹಂದಿಗೆ ಚೆರೆ ಹಾರಿಸಿ ಪಳಗಿದ ಕೈ, ಕಿಕ್ಕಿರಿದ ಪೇಟೆಯಲ್ಲಿ ಮನುಷ್ಯನತ್ತ ಗುರಿಯಿಡುವುದಕ್ಕೆ ಪಳಗಿದ ಕೈ ಅಲ್ಲ. ಚೆರೆ ಹರಡುತ್ತದೆ, ಹಿಂದೆ ನಿಂತವರು ಯಾರೆಂದು ನೋಡುವುದಿಲ್ಲ.

2025ರ ಜನವರಿ 16ರ ಬೆಳಿಗ್ಗೆ ಬೀದರಿನ ನಡುಪೇಟೆಯಲ್ಲಿ ಎಟಿಎಂಗೆ ಹಣ ಒಯ್ಯುವ ಸಿಬ್ಬಂದಿಯ ಮೇಲೆ ಬೈಕಿನಲ್ಲಿ ಬಂದ ಇಬ್ಬರು ಗುಂಡು ಹಾರಿಸಿದರು. ಸಿಬ್ಬಂದಿಯಲ್ಲಿ ಒಬ್ಬರು ಪ್ರಾಣ ಕಳೆದುಕೊಂಡರು. ಹಣದ ಪೆಟ್ಟಿಗೆ ಹೊತ್ತು ಓಡುವವರ ಮೇಲೆ ಸುತ್ತಲಿನ ಜನ ಕಲ್ಲು ತೂರಿದರು. ಮರುದಿನವೇ ಮಂಗಳೂರು ಬಳಿಯ ಕೋಟೆಕಾರು ಸಹಕಾರಿ ಸಂಘದ ಶಾಖೆಗೆ ಮುಸುಕುಧಾರಿಗಳು ಆಯುಧ ಹಿಡಿದು ನುಗ್ಗಿ ಚಿನ್ನ ದೋಚಿದರು. ಕೆಲವೇ ದಿನಗಳಲ್ಲಿ ಪೊಲೀಸರು ತಮಿಳುನಾಡಿನಲ್ಲಿ ಆರೋಪಿಗಳನ್ನು ಹಿಡಿದರು. ಇಂಥ ಸುದ್ದಿ ಬಂದಾಗಲೆಲ್ಲ, ಅಲ್ಲಿ ಯಾರ ಬಳಿಯಾದರೂ ಕೋವಿ ಇದ್ದಿದ್ದರೆ ಎಂಬ ಮಾತು ಕೇಳಿಬರುವುದು ಸಹಜ. ಬೀದರಿನಲ್ಲಿ ಗುಂಡು ಹಾರುತ್ತಿದ್ದ ಗಳಿಗೆಯಲ್ಲಿ, ಬಲ್ಲವನೊಬ್ಬ ಹತ್ತಿರದಲ್ಲೇ ಇದ್ದಿದ್ದರೆ, ಹಾರಿಸುವ ಹಕ್ಕು ಅವನಿಗೆ ಖಂಡಿತ ಇತ್ತು. ಹಣದ ಪೆಟ್ಟಿಗೆ ಬೈಕೇರಿ ಜನಸಂದಣಿಯ ನಡುವೆ ಹೋಗುತ್ತಿರುವಾಗ ಹಾರಿಸಿದ್ದರೆ, ಗುಂಡು ದರೋಡೆಕೋರನಿಗಿಂತ ಮೊದಲು ತರಕಾರಿ ಕೊಳ್ಳಲು ಬಂದವರಿಗೆ ತಗಲುವ ಸಂಭವವಿತ್ತು. ಹಣಕ್ಕೆ ವಿಮೆ ಮಾಡಿಸಬಹುದು, ಹೋದ ಜೀವವನ್ನು ಮರಳಿ ತರಲಾಗದು.

ಆದ್ದರಿಂದ ಈ ಉಪನ್ಯಾಸದ ತೀರ್ಮಾನ ಹೀಗಿದೆ. ದರೋಡೆಕೋರ ಕೊಲ್ಲುತ್ತಿದ್ದರೆ, ಅಥವಾ ಕೊಲ್ಲುವುದು ಆ ಗಳಿಗೆಯಲ್ಲೇ ಖಚಿತವೆಂದು ಕಾಣುತ್ತಿದ್ದರೆ, ಗುರಿಯ ಹಿಂದೆ ಯಾರಿದ್ದಾರೆಂಬುದು ತಿಳಿದಿದ್ದರೆ, ಆಯುಧವುಳ್ಳ ನಾಗರಿಕ ನಡುವೆ ಬರಬೇಕು. ಕಾನೂನು ಅವನ ಬೆನ್ನಿಗಿದೆ. ದೋಚುವವನು ಹಣ ತೆಗೆದುಕೊಂಡು ಹೋಗಲಷ್ಟೇ ನೋಡುತ್ತಿದ್ದರೆ ಕೋವಿ ಹೊರಬರಬಾರದು. ಆಗ ನಾಗರಿಕನ ಕೆಲಸ ಸೋರ್ಬೆಲ್ ಹುಡುಗನ ಕೆಲಸ: ಮುಖ, ಮಾತು, ವಾಹನ, ಹೋದ ದಿಕ್ಕು ನೆನಪಿಟ್ಟುಕೊಂಡು ಬೇಗ ತಿಳಿಸುವುದು. ದರೋಡೆಯ ವಿಷಯ ಗೊತ್ತಾದರೆ ಪೊಲೀಸರಿಗೆ ತಿಳಿಸುವುದು ನಾಗರಿಕ ಸುರಕ್ಷಾ ಸಂಹಿತೆಯ 33ನೇ ಕಲಮಿನ ಪ್ರಕಾರ ಪ್ರತಿಯೊಬ್ಬರ ಕರ್ತವ್ಯವೂ ಹೌದು.

ಸರ್ಕಾರದಿಂದ ಆಗಬೇಕಾದ ಕೆಲಸವೂ ಒಂದಿದೆ. ಕೋವಿ ಪರವಾನಗಿಯನ್ನು ಈಗ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಪ್ರತಿ ನವೀಕರಣದ ವೇಳೆಗೆ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳನ್ನು ಉದಾಹರಣೆಗಳ ಸಮೇತ, ಕನ್ನಡದಲ್ಲಿ, ಒಂದು ದಿನ ಕೂರಿಸಿ ಕಲಿಸುವ ವ್ಯವಸ್ಥೆ ಜಿಲ್ಲೆ ಜಿಲ್ಲೆಯಲ್ಲೂ ಆಗಬೇಕು. ಗುರಿ ಇಡುವುದು ಹೇಗೆ ಎಂಬ ತರಬೇತಿಯಷ್ಟೇ ಸಾಲದು, ಯಾವಾಗ ಕೋವಿ ಕೆಳಗಿಡಬೇಕೆಂಬುದನ್ನೂ ಕಲಿಸಬೇಕು. ಅದು ಆಗುವವರೆಗೆ ಪರವಾನಗಿ ಇರುವ ಓದುಗರಲ್ಲಿ ಒಂದು ವಿನಂತಿ: ಬೆನ್ನು ತಿರುಗಿಸಿ ಓಡುವವನ ಮೇಲೆ ಗುಂಡು ಹಾರಿಸಬೇಡಿ. ಅವನ ಬೈಕಿನ ನಂಬರ್ ಗುರುತಿಟ್ಟುಕೊಂಡು 112ಕ್ಕೆ ಕರೆ ಮಾಡಿ.